10.9 ಇಂಚೋ 13 ಇಂಚೋ? ಪಾಠಕ್ಕೂ ತಿದ್ದುವುದಕ್ಕೂ ಎರಡನ್ನೂ ಬಳಸಿದ ಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ಪಾಠ ಮಾಡುವುದಕ್ಕೆ ಚಿಕ್ಕ ಟ್ಯಾಬ್ ಒಳ್ಳೆಯದು, ಪ್ರಬಂಧ ತಿದ್ದುವುದಕ್ಕೆ ದೊಡ್ಡದು ಬೇಕು. ಎರಡಕ್ಕೂ ಒಂದೇ ಸಾಕು ಅನ್ನುವವರು ಡಬ್ಬಿಯ ಮೇಲಿನ ಇಂಚು ನೋಡಿ ದುಡ್ಡು ಕೊಡಬೇಡಿ. ಉದ್ದುದ್ದ ಹಿಡಿದಾಗ ಪರದೆ ಎಷ್ಟು ಅಗಲ ಇದೆ ಅಂತ ನೋಡಿ.

ನಾನು ಡಿಗ್ರಿ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಎಂಎ ವಿದ್ಯಾರ್ಥಿಗಳ ಕಿರುಪ್ರಬಂಧ, ಜೊತೆಗೆ ಒಂದಿಬ್ಬರ ಪಿಎಚ್‌ಡಿ ಅಧ್ಯಾಯಗಳು ತಿದ್ದುವುದಕ್ಕೆ ಬರುತ್ತವೆ. 2024ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇ ತಗೊಂಡೆ, 10.9 ಇಂಚಿನದು. ಆಮೇಲೆ ನಮ್ಮನೆಯವರು ತಮ್ಮ ಪಿಯು ಫಿಸಿಕ್ಸ್ ಪಾಠಕ್ಕೆ 13 ಇಂಚಿನ ಐಪ್ಯಾಡ್ ಏರ್ ತಂದರು. ಮಾಮೂಲಿ ದಿನಗಳಲ್ಲಿ ಅವರದು ಅವರಿಗೆ, ನನ್ನದು ನನಗೆ. ಪ್ರಬಂಧ ತಿದ್ದುವ ಕಾಲ ಬಂತು ಅಂದರೆ ಅದಲು ಬದಲು, ಜೊತೆಗೆ ಸ್ವಲ್ಪ ಜಗಳ.

ಈಗ ಲೆಕ್ಕ. ಎ4 ಹಾಳೆ 210 ಮಿ.ಮೀ ಅಗಲ. ನನ್ನ ಟ್ಯಾಬ್ ಪರದೆ 16:10 ಅನುಪಾತದ್ದು, ಉದ್ದುದ್ದ ಹಿಡಿದರೆ ಅಗಲ ಸುಮಾರು 147 ಮಿ.ಮೀ. ಅಂದರೆ ಹಾಳೆ 70 ಪರ್ಸೆಂಟಿಗೆ ಕುಗ್ಗುತ್ತದೆ, 12 ಪಾಯಿಂಟಿನಲ್ಲಿ ಟೈಪ್ ಮಾಡಿದ್ದು ಎಂಟೂವರೆ ಪಾಯಿಂಟಿನ ಹಾಗೆ ಕಾಣುತ್ತದೆ. 13 ಇಂಚಿನ ಐಪ್ಯಾಡ್ 4:3, ಅದರ ಅಗಲ ಸುಮಾರು 197 ಮಿ.ಮೀ. ಹೆಚ್ಚುಕಡಿಮೆ ಹಾಳೆಯಷ್ಟೇ. ಇನ್ನೂ ಮಜಾ ಏನು ಗೊತ್ತಾ? 12.4 ಇಂಚಿನ ಎಸ್9 ಎಫ್‌ಇ ಪ್ಲಸ್ ಅಗಲ 167 ಮಿ.ಮೀ, 11 ಇಂಚಿನ ಐಪ್ಯಾಡ್ ಏರ್ ಅಗಲ 158. ಹೆಸರಿನಲ್ಲಿ ಒಂದೂವರೆ ಇಂಚಿನ ಅಂತರ, ಹಾಳೆಯ ಅಗಲಕ್ಕೆ ಸಿಗುವುದು ಒಂದು ಸೆಂಟಿಮೀಟರೂ ಇಲ್ಲ! ತೂಕ ಮಾತ್ರ 627 ಗ್ರಾಂ ಒಂದು ಕಡೆ, 462 ಗ್ರಾಂ ಇನ್ನೊಂದು ಕಡೆ. ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ ಅಳೆದದ್ದು. ಸಿನಿಮಾ ನೋಡುವುದಕ್ಕೆ ಅಂತ ಉದ್ದ ಮಾಡಿದ ಪರದೆಯಲ್ಲಿ ಇಂಚು ಜಾಸ್ತಿ ಸಿಗುತ್ತದೆ, ಹಾಳೆಗೆ ಜಾಗ ಸಿಗುವುದಿಲ್ಲ.

ಇಂಗ್ಲಿಷ್ ಓದುವವರಿಗೆ ಎಂಟೂವರೆ ಪಾಯಿಂಟ್ ನಡೆಯಬಹುದು. ಕನ್ನಡಕ್ಕೆ ಕಷ್ಟ. ವಿದ್ಯಾರ್ಥಿ 'ವಿಧಾನ' ಬರೆದಿದ್ದಾನೋ 'ವಿದಾನ' ಬರೆದಿದ್ದಾನೋ ಅಂತ ತಿಳಿಯಬೇಕಾದರೆ ಧಕಾರದ ಕೆಳಗಿನ ಆ ಸಣ್ಣ ಸೀಳು ಕಣ್ಣಿಗೆ ಬೀಳಬೇಕು. ನನ್ನ ಚಿಕ್ಕ ಟ್ಯಾಬಿನಲ್ಲಿ ಪೂರ್ತಿ ಹಾಳೆ ತೆರೆದುಕೊಂಡು ಕೂತರೆ ಅದು ಬೀಳುವುದಿಲ್ಲ. ಮನಸ್ಸು ಸರಿಯಾಗಿಯೇ ಓದಿಕೊಂಡು ಮುಂದೆ ಹೋಗಿಬಿಡುತ್ತದೆ. ಒತ್ತಕ್ಷರಗಳದ್ದೂ ಅದೇ ಪಾಡು, 'ಸ್ತ್ರ'ದಂಥ ಕಡೆ ಎರಡು ಒತ್ತು ಸೇರಿ ಒಂದು ಚುಕ್ಕೆಯಾಗಿರುತ್ತದೆ. ಹಿಗ್ಗಿಸಿ ನೋಡಬಹುದಲ್ವಾ ಅನ್ನುತ್ತೀರಿ. ನೋಡಬಹುದು. ಆದರೆ ನೂರು ಪುಟದ ಪ್ರಬಂಧದಲ್ಲಿ ಪ್ರತಿ ಪ್ಯಾರಾಕ್ಕೂ ಹಿಗ್ಗಿಸಿ, ಸರಿಸಿ, ಕುಗ್ಗಿಸಿ ಮಾಡುತ್ತಾ ಹೋದರೆ ಅರ್ಧ ದಾರಿಯಲ್ಲಿ ವಾದ ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತದೆ.

ಟ್ಯಾಬನ್ನು ಅಡ್ಡ ತಿರುಗಿಸಿದರೆ ಚಿಕ್ಕದರಲ್ಲೂ ಅಕ್ಷರ ದೊಡ್ಡದಾಗುತ್ತದೆ. ನನ್ನದು ಅಡ್ಡಡ್ಡ 235 ಮಿ.ಮೀ ಬರುತ್ತದೆ, ಎ4ಗಿಂತ ಜಾಸ್ತಿಯೇ. ಆದರೆ ಆಗ ಅರ್ಧ ಪುಟವೂ ಕಾಣುವುದಿಲ್ಲ. ಬರೀ ಕಾಗುಣಿತ ತಿದ್ದುವುದಿದ್ದರೆ ಇಷ್ಟು ಧಾರಾಳ ಸಾಕು. 'ಈ ಪ್ಯಾರಾ ಎತ್ತಿ ಮೇಲಕ್ಕೆ ಹಾಕು' ಅಂತ ಬಾಣ ಎಳೆಯುವವಳಿಗೆ ಸಾಲುವುದಿಲ್ಲ. ಬಾಣದ ಬಾಲ ಇಲ್ಲಿ, ತಲೆ ಕಾಣದ ಜಾಗದಲ್ಲಿ.

ಇನ್ನೊಂದು ಸಣ್ಣ ಸಂಗತಿ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಚಿಕ್ಕ ಟ್ಯಾಬನ್ನು ಮೇಜಿನ ಮೇಲೆ ಮಲಗಿಸಿ ಪುಟದ ಕೊನೆಯ ಸಾಲಿನ ಹತ್ತಿರ ಬರೆಯಿರಿ. ಅಂಗೈ ಅಂಚಿನಿಂದ ಕೆಳಗೆ ಜಾರುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಅಡಿಟಿಪ್ಪಣಿ ಇರುವುದು ಅಲ್ಲೇ, ಹೆಚ್ಚು ತಪ್ಪು ಇರುವುದೂ ಅಲ್ಲೇ. ಟ್ಯಾಬಿನಷ್ಟೇ ದಪ್ಪದ ನೋಟ್‌ಬುಕ್ ಒಂದನ್ನು ಕೆಳಗೆ ಒತ್ತಿಟ್ಟುಕೊಂಡರೆ ಸರಿಹೋಗುತ್ತದೆ. ಮಾರ್ಜಿನ್ ಕೂಡ ಚಿಕ್ಕದರಲ್ಲಿ ಒಂದು ಇಂಚಿನದು ಮುಕ್ಕಾಲು ಇಂಚಿಗಿಂತ ಕಡಿಮೆ ಆಗುತ್ತದೆ, 'ಆಕರ ಯಾವುದು?' ಅಂತ ಎರಡು ಪದ ಬರೆಯುವಷ್ಟರಲ್ಲಿ ಮುಗಿಯಿತು. ಅದಕ್ಕೇ ಈಗ ಕರಡು ಕಳಿಸುವವರಿಗೆ 14 ಪಾಯಿಂಟ್, ಬಲಗಡೆ ಎರಡು ಇಂಚು ಖಾಲಿ ಅಂತ ಮೊದಲೇ ಹೇಳಿಬಿಟ್ಟಿರುತ್ತೇನೆ. ಅಂತಿಮ ಪ್ರತಿಯಲ್ಲಿ ವಿಶ್ವವಿದ್ಯಾಲಯ ಹೇಳಿದ ಅಳತೆಗೆ ತರಲಿ. ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು ಕಳಿಸಬೇಡಿ ಅಂತಲೂ ಹೇಳಿರುತ್ತೇನೆ. ಫಾಂಟ್ ಇಲ್ಲದ ಟ್ಯಾಬಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಕಸವಾಗಿ ತೆರೆದುಕೊಳ್ಳುತ್ತದೆ. ಪಿಡಿಎಫ್ ಮಾಡಿ ಕಳಿಸಿದರೆ ತಕರಾರಿಲ್ಲ, ಹುಡುಕಾಟ ನಡೆಯದಿದ್ದರೂ ಮೇಲೆ ಗೀಚುವುದಕ್ಕೇನೂ ಅಡ್ಡಿಯಿಲ್ಲ. ಗೀಚುವುದಕ್ಕೆ ನಾನು ಬಳಸುವುದು ಕ್ಸೋಡೋ ಅನ್ನುವ ಪಿಡಿಎಫ್ ಆ್ಯಪ್.

ತರಗತಿಗೆ ಬಂದರೆ ಕಥೆ ಉಲ್ಟಾ.

ಛಂದಸ್ಸಿನ ಪಾಠಕ್ಕೆ ಟ್ಯಾಬಿನಷ್ಟು ಅನುಕೂಲ ಇನ್ನೊಂದಿಲ್ಲ. ಪದ್ಯವನ್ನು ಪ್ರೊಜೆಕ್ಟರಿಗೆ ಹಾಕಿ, ಅಕ್ಷರದ ತಲೆಯ ಮೇಲೆ ಲಘು ಗುರು ಗುರುತು ಹಾಕುತ್ತಾ ಪ್ರಸ್ತಾರ ಮಾಡುವುದು, ಗಣ ಮುರಿದಲ್ಲಿ ಕೆಂಪು ಗೆರೆ ಎಳೆಯುವುದು. ಬೋರ್ಡಿಗೆ ಬೆನ್ನು ಹಾಕಿಕೊಂಡು, ಮಕ್ಕಳ ಮುಖ ನೋಡಿಕೊಂಡೇ ಬರೆಯಬಹುದು. ಆದರೆ ನಿಂತುಕೊಂಡು ಒಂದು ಕೈಯಲ್ಲಿ ಹಿಡಿದಿರಬೇಕಲ್ಲ. ನನ್ನದು 523 ಗ್ರಾಂ, ಕವರ್ ಸೇರಿದರೆ ಮುಕ್ಕಾಲು ಕೆಜಿಯ ಹತ್ತಿರ. ಪೀರಿಯಡ್ ಮುಗಿಯುವ ಹೊತ್ತಿಗೆ ಎಡ ಮೊಣಕೈ ಮಾತಾಡುತ್ತದೆ. 13 ಇಂಚಿನದು ಕವರಿಲ್ಲದೆಯೇ 617 ಗ್ರಾಂ, ಅದಕ್ಕಿಂತ ಹೆಚ್ಚಾಗಿ ಅದರ ಅಗಲವೇ ಕೈಗೆ ಒಗ್ಗುವುದಿಲ್ಲ, ಸ್ಟೂಲಿನ ಮೇಲಿಟ್ಟ ತಟ್ಟೆಯ ಹಾಗೆ ಆ ಕಡೆ ಈ ಕಡೆ ವಾಲುತ್ತದೆ. ನಮ್ಮನೆಯವರು ಅದನ್ನು ಡೆಸ್ಕಿನ ಮೇಲಿಟ್ಟೇ ಪಾಠ ಮಾಡುತ್ತಾರೆ, ಓಡಾಡುವುದಿಲ್ಲ.

ತೂಕ ಬಿಡಿ, ಕೊನೆ ಬೆಂಚಿನವರಿಗೆ ಕಾಣುವುದೂ ಚಿಕ್ಕ ಟ್ಯಾಬಿನಲ್ಲಿ ಬರೆದದ್ದೇ ಚೆನ್ನಾಗಿ. ಕೈಯ ಅಭ್ಯಾಸ ಒಂದೇ ಇರುತ್ತದೆ, ನಾವು ಬರೆಯುವ ಅಕ್ಷರ ಎಲ್ಲಿ ಬರೆದರೂ ಸುಮಾರು 8 ಮಿ.ಮೀ ಎತ್ತರ ಅಂತಿಟ್ಟುಕೊಳ್ಳಿ. ಎರಡು ಮೀಟರ್ ಅಗಲದ ತೆರೆಯ ಮೇಲೆ ಅದೇ ಅಕ್ಷರ 13 ಇಂಚಿನಿಂದ ಹೋದರೆ 61 ಮಿ.ಮೀ ಆಗುತ್ತದೆ, ನನ್ನದರಿಂದ 68, ಇನ್ನೂ ಚಿಕ್ಕದಾದ ಐಪ್ಯಾಡ್ ಮಿನಿಯಿಂದ 91. ಪರದೆ ಚಿಕ್ಕದಾದಷ್ಟೂ ಬರಹ ದೊಡ್ಡದು. ಅಣ್ಣನ ಮಗನ ಮಿನಿ ಇಸಕೊಂಡು ಹೋಗಿ ಕ್ಲಾಸಿನಲ್ಲಿ ನೋಡಿದೆ, 293 ಗ್ರಾಂ, ಕೈಯಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಒಂದೇ ತೊಂದರೆ. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಮೂರನೇ ಸಾಲೂ ಆರನೇ ಸಾಲೂ ಉದ್ದ, ಮೂರು ನಾಲ್ಕು ಮಾತ್ರೆಯ ಗಣಗಳ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ನನ್ನ ಕೈಬರಹದಲ್ಲಿ ಆ ಸಾಲುಗಳು ಮಿನಿಯಲ್ಲಿ ಒಂದೊಂದೇ ಸಾಲಾಗಿ ಕೂರಲಿಲ್ಲ. ಸಾಲು ಮುರಿದರೆ ಮಕ್ಕಳು ಎಂಟು ಸಾಲು ಎಣಿಸುತ್ತಾರೆ.

ಪ್ರೊಜೆಕ್ಟರ್ ಯಾವುದು ಅಂತಲೂ ನೋಡಿಕೊಳ್ಳಿ. ಹಳೇ ಪ್ರೊಜೆಕ್ಟರುಗಳು ಬಹಳಷ್ಟು 4:3, ಅವಕ್ಕೆ ಐಪ್ಯಾಡ್ ಚೆನ್ನಾಗಿ ತುಂಬುತ್ತದೆ. ಹೊಸ ಸ್ಮಾರ್ಟ್ ಬೋರ್ಡ್ 16:9, ಅದಕ್ಕೆ ಸ್ಯಾಮ್‌ಸಂಗಿನ ಆಕಾರ ಹತ್ತಿರ. ಟೈಪ್-ಸಿ ಪೋರ್ಟ್ ಇದ್ದ ಮಾತ್ರಕ್ಕೆ ಎಚ್‌ಡಿಎಂಐ ಕೇಬಲ್ಲಿಗೆ ಚಿತ್ರ ಬರುತ್ತದೆ ಅಂತಿಲ್ಲ, ಮಾಡೆಲ್ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ನಾನು ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಸಿಕ್ಕಿಸಿ, ಅದರಲ್ಲಿ ವಿಂಡೋಸಿನ ವೈರ್‌ಲೆಸ್ ಡಿಸ್‌ಪ್ಲೇ ಹಾಕಿಕೊಂಡು, ಟ್ಯಾಬಿನಿಂದ ಸ್ಮಾರ್ಟ್ ವ್ಯೂ ಮಾಡುತ್ತೇನೆ, ಅಂದರೆ ಟ್ಯಾಬಿನ ಪರದೆಯನ್ನು ವೈರಿಲ್ಲದೆ ಲ್ಯಾಪ್‌ಟಾಪಿಗೆ ಕಳಿಸುತ್ತೇನೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ, ಹಾಗಾಗಿ ಕಾಲೇಜಿನ ವೈಫೈ ಕಡೆ ತಲೆ ಹಾಕುವ ಕೆಲಸವೂ ಇಲ್ಲ.

ಪೆನ್ನಿನ ವಿಷಯ ಚಿಕ್ಕದಾಗಿ. ಎಸ್ ಪೆನ್ ಡಬ್ಬಿಯಲ್ಲೇ ಬರುತ್ತದೆ, ಬರೆಯುವುದಕ್ಕೆ ಚಾರ್ಜ್ ಬೇಡ. ಆಪಲ್ ಪೆನ್ಸಿಲ್ ಬೇರೆ ಕೊಳ್ಳಬೇಕು, ಚಾರ್ಜೂ ಮಾಡಬೇಕು. ಅದರ ಯುಎಸ್‌ಬಿ-ಸಿ ಮಾದರಿಗೆ ಒತ್ತಡ ಗೊತ್ತಾಗುವುದಿಲ್ಲ, ತಿದ್ದುವ ಕೆಲಸಕ್ಕೆ ಅದೇನು ಕೊರತೆಯಲ್ಲ. ಕಾಗದದ ಹಾಗೆ ತರಿತರಿ ಇರುವ ಫಿಲ್ಮ್ ಅಂಟಿಸಿದರೆ ಬರೆಯಲು ಹಿತ, ನಿಬ್ ಮಾತ್ರ ಬೇಗ ಸವೆಯುತ್ತದೆ.

ಒಂದೇ ಕೊಳ್ಳುವವರಿಗೆ ನನ್ನ ಸಲಹೆ 11 ಇಂಚಿನ ಐಪ್ಯಾಡ್ ಏರ್, ಅಥವಾ ಅದೇ ಥರ ಅಗಲ ಪರದೆಯ ಯಾವುದಾದರೂ. ದಿನಕ್ಕೆ ಎರಡು ಮೂರು ಕ್ಲಾಸು, ತಿದ್ದುವುದು ಅಪರೂಪ ಅಂದರೆ ನನ್ನ ಎಸ್9 ಎಫ್‌ಇ ಸಾಕೋ ಸಾಕು. ಮನೆಯಲ್ಲಿ ಕೂತು ಪ್ರಬಂಧ ತಿದ್ದುವುದೇ ಹೆಚ್ಚು ಅನ್ನುವವರು 13 ಇಂಚಿಗೆ ಹೋಗಿ, ಹಿಂದೆಮುಂದೆ ನೋಡಬೇಡಿ. ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಕನ್ನಡ ಪಿಡಿಎಫ್ ಫೋನಿನಲ್ಲಿ ಇಟ್ಟುಕೊಂಡು, ಅಲ್ಲಿನ ಡೆಮೊ ಟ್ಯಾಬಿನಲ್ಲಿ ತೆರೆಸಿ. ಪೂರ್ತಿ ಹಾಳೆ ಕಾಣುವ ಹಾಗಿಟ್ಟು, ಹಿಗ್ಗಿಸದೆ, ಒಂದು ಪುಟದಲ್ಲಿ ಮಹಾಪ್ರಾಣಗಳನ್ನು ಹುಡುಕಿ. ಆಮೇಲೆ ಅದನ್ನೇ ಒಂದು ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಂತುಕೊಳ್ಳಿ. ಸೇಲ್ಸ್ ಹುಡುಗ ಏನಾದರೂ ಅಂದುಕೊಳ್ಳಲಿ.