ಶಿರಸಿಯ ಬೇಣದಲ್ಲಿ ಫೋಮ್ ಜೆಟ್: ಚಕ್ರ ಬಿಚ್ಚಿಡಿ, ಅಡಿಕೆ ದಬ್ಬೆ ಹುಡುಕಿ

ರಿಮೋಟಿನಲ್ಲಿ ಹಾರಿಸುವ ಈ ಫೋಮಿನ ಮಾದರಿ ಜೆಟ್ ಕೊಳ್ಳುವ ಯೋಚನೆಯಲ್ಲಿರುವ ನಮ್ಮ ಕಡೆಯವರಿಗೆ ಮೊದಲೇ ಹೇಳಿಬಿಡುತ್ತೇನೆ: ಡಬ್ಬಿಯಲ್ಲಿ ಬರುವ ಚಕ್ರಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚಿತ್ರದಲ್ಲಿ ಚೆಂದ ಕಾಣುತ್ತವೆ, ಡಾಂಬರಿನ ಮೇಲೆ ಉರುಳುತ್ತವೆ, ಅಷ್ಟೇ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟುವವರೆಗೆ ಹುಡುಕಿದರೂ ಗಾಡಿ ಓಡಾಡದ, ವಿದ್ಯುತ್ ತಂತಿ ಹಾಯದ, ಜನರಿಲ್ಲದ ನೇರ ಡಾಂಬರು ಎಲ್ಲಿದೆ? ನಮಗಿರುವುದು ಬೇಣ (ಹುಲ್ಲುಗಾವಲು), ಕೊಯ್ಲಾದ ಗದ್ದೆ, ಕೆಂಪುಕಲ್ಲಿನ ಹಾಸು, ಸಮುದ್ರದ ಮರಳು. ಇವುಗಳಲ್ಲಿ ಯಾವುದರ ಮೇಲೂ ಆ ಚಕ್ರ ನಾಲ್ಕು ಮಾರು ಓಡುವುದಿಲ್ಲ. ಬಿಚ್ಚಿಟ್ಟ ಮೇಲೆ ನಾನು ಮತ್ತೆ ಹಾಕಿಲ್ಲ. ತೂಕವಾದರೂ ಕಡಿಮೆಯಾಯಿತು.

ಚಕ್ರ ಬೇಡವಾದರೆ ಕೈಯಿಂದ ಎಸೆಯಿರಿ ಅನ್ನುತ್ತದೆ ಜೊತೆಗೆ ಬರುವ ಪುಸ್ತಿಕೆ. ಅದಕ್ಕೆ ಒಂದೇ ಸಾಲು, ಒಂದು ಚಿತ್ರ. ನನ್ನ ಸಿಟ್ಟೆಲ್ಲ ಆ ಒಂದು ಸಾಲಿನ ಮೇಲೆ.

ಮಾದರಿ ಹಾಕ್ ಜೆಟ್ಟಿನದು. ಬೀದರ್‌ನಲ್ಲಿ ನೆಲೆ ಇರುವ ವಾಯುಪಡೆಯ ಸೂರ್ಯಕಿರಣ ತಂಡ ಹಾರಿಸುವ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಅದೇ ಹಾಕ್. ಇಪಿಒ ಎಂಬ ಬಗೆಯ ಫೋಮ್, 64 ಮಿಲಿಮೀಟರ್ ಫ್ಯಾನ್, 4ಎಸ್ ಅಂದರೆ ನಾಲ್ಕು ಸೆಲ್ಲಿನ 2200 ಎಂಎಎಚ್ ಲಿಪೊ ಬ್ಯಾಟರಿ. ಉಳಿದ ಅಂಕಿ ಅಂಶ ಎಲ್ಲ ಕಡೆ ಸಿಗುತ್ತವೆ, ಇಲ್ಲಿ ಬರೆಯುವುದಿಲ್ಲ. ಆ ವರ್ಷ ಚಾಲಿ ಅಡಿಕೆ ಮಾರಿ ಬಂದ ದುಡ್ಡಿನಲ್ಲಿ ಕೊಂಡೆ. ರಿಮೋಟ್, ಚಾರ್ಜರ್, ಬ್ಯಾಟರಿ ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ ಬಂತು. ನನ್ನ ಮಟ್ಟಿಗೆ ಇದು ಸಣ್ಣ ಮೊತ್ತವಲ್ಲ, ಹಾಗಾಗಿ ಎಲ್ಲಿ ದುಡ್ಡಿಗೆ ಬೆಲೆ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಅನ್ನುವುದನ್ನು ಬಿಡಿಸಿಯೇ ಹೇಳಬೇಕು.

ಜೋಡಿಸುವ ಕೆಲಸ ಒಂದು ಸಂಜೆಯದು. ರೆಕ್ಕೆಗೆ ಸ್ಕ್ರೂ, ಬಾಲಕ್ಕೆ ಅಂಟು, ಸರ್ವೊ (ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್) ವಯರು ಸಿಕ್ಕಿಸಿದರೆ ಮುಗಿಯಿತು. ಫೋಮಿನ ಅಚ್ಚು ಅಚ್ಚುಕಟ್ಟಾಗಿದೆ, ರೆಕ್ಕೆ ಕೂರುವ ಜಾಗದಲ್ಲಿ ಕೂದಲೆಳೆಯಷ್ಟೂ ಸಂದಿಲ್ಲ. ಥರ್ಮಾಕೋಲನ್ನು ಕರಗಿಸಿಬಿಡುವ ಫೆವಿಕ್ವಿಕ್ ಈ ಇಪಿಒಗೆ ಏನೂ ಮಾಡುವುದಿಲ್ಲ, ಗಟ್ಟಿಯಾಗಿ ಹಿಡಿಯುತ್ತದೆ. ಇಳಿಯುವಾಗ ಮೂತಿ ಜಜ್ಜಿಹೋದರೆ ಕುದಿನೀರು ಹೊಯ್ದರೆ ಸಾಕು, ಫೋಮಿನ ಕಾಳು ಉಬ್ಬಿ ಮುಕ್ಕಾಲು ಪಾಲು ಸರಿಯಾಗುತ್ತದೆ. ಇಷ್ಟು ಚೆನ್ನಾಗಿ ಮಾಡಿದವರು ಹಾರಿಸುವ ಮೊದಲ ಎರಡು ಸೆಕೆಂಡಿನ ಬಗ್ಗೆ ಇಷ್ಟು ಉಡಾಫೆ ಮಾಡಬಾರದಿತ್ತು.

ಪ್ರೊಪೆಲ್ಲರ್ ವಿಮಾನ ಹಾರಿಸಿ ರೂಢಿ ಇದ್ದವರಿಗೂ ಇದು ತಟ್ಟನೆ ಹೊಳೆಯುವುದಿಲ್ಲ. ಮೂತಿಯಲ್ಲಿ ಪ್ರೊಪೆಲ್ಲರ್ ಇದ್ದರೆ ಅದು ತಳ್ಳುವ ಗಾಳಿ ರೆಕ್ಕೆಯ ಬುಡ ಸವರಿಕೊಂಡು ಬಾಲದ ಮೇಲೇ ಹಾಯುತ್ತದೆ. ವಿಮಾನ ನಿಧಾನಕ್ಕಿದ್ದರೂ ಬಾಲದ ಪಟ್ಟಿಗಳಿಗೆ ಹಿಡಿತ ಇರುತ್ತದೆ. ಜೆಟ್ಟಿನ ಫ್ಯಾನ್ ಇರುವುದು ಹೊಟ್ಟೆಯೊಳಗೆ. ಗಾಳಿ ಕೊಳವೆಯಲ್ಲೇ ಹಾದು ಹಿಂದಿನಿಂದ ಹೊರಬೀಳುತ್ತದೆ, ಬಾಲಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ಬಾಲಕ್ಕೆ ಗಾಳಿ ತಾಗಬೇಕಾದರೆ ಇಡೀ ವಿಮಾನವೇ ಓಡುತ್ತಿರಬೇಕು. ಅದರ ಮೇಲೆ ಫ್ಯಾನ್ ವೇಗ ಹಿಡಿಯುವುದೂ ನಿಧಾನ. ಕೈಬಿಟ್ಟ ಕ್ಷಣದಿಂದ ಹಾರುವ ವೇಗ ಬರುವ ತನಕ ಸ್ಟಿಕ್ ಎಷ್ಟು ಎಳೆದರೂ ವಿಮಾನ ಮಾತು ಕೇಳುವುದಿಲ್ಲ. ಎಸೆದವರ ತೋಳಿನ ಬಲವೇ ಅದರ ಹಣೆಬರಹ.

ಎಸೆಯೋಣ ಎಂದರೆ ಹಿಡಿಯಲು ಜಾಗವಾದರೂ ಇದೆಯೆ? ಮೈ ನುಣುಪು. ಸರಿಯಾಗಿ ಕೈ ಹಿಡಿಯಬೇಕಾದ ಕಡೆ, ಹೊಟ್ಟೆಯಡಿ, ಫ್ಯಾನಿಗೆ ಹೆಚ್ಚಿನ ಗಾಳಿ ಸಿಗಲೆಂದು ಒಂದು ಕಿಂಡಿ ಕೊರೆದಿದ್ದಾರೆ. ಅಂಗೈ ಅಲ್ಲಿಟ್ಟರೆ ಕಿಂಡಿ ಮುಚ್ಚಿ ಬಲ ತಗ್ಗುತ್ತದೆ. ಹಿಂದೆ ಹಿಡಿದರೆ ಎಸೆಯುವಾಗ ಮೂತಿ ಓಲುತ್ತದೆ. ಗೆಳೆಯ ಎಸೆದು ನಾನು ರಿಮೋಟ್ ಹಿಡಿದಾಗ ಕೆಲವೊಮ್ಮೆ ಎದ್ದಿತು, ಕೆಲವೊಮ್ಮೆ ಹುಲ್ಲಿಗೆ ಮೂತಿ ಒರಗಿಸಿ ಮಲಗಿತು. ಎದ್ದಾಗಲೂ ಎದೆ ಡವಡವ. ಇಷ್ಟು ದುಡ್ಡು ಕೊಟ್ಟ ಸಾಮಾನನ್ನು ಪ್ರತಿ ಸಲ ಅದೃಷ್ಟದ ಮೇಲೆ ಬಿಟ್ಟು ಹಾರಿಸಲು ನನಗೆ ಮನಸ್ಸಿಲ್ಲ.

ಹಾಗಾಗಿ ಬಂಜಿ, ಅಂದರೆ ರಬ್ಬರ್ ಎಳೆತ. ಈ ವಿಮರ್ಶೆಯಲ್ಲಿ ನಿಮಗೆ ಉಪಯೋಗಕ್ಕೆ ಬೀಳುವುದು ಏನಾದರೂ ಇದ್ದರೆ ಇದೇ.

ವಿಮಾನ ಜಾರಿಕೊಂಡು ಹೊರಡಲು ಓರೆಯಾಗಿ ನಿಲ್ಲಿಸುವ ಹಳಿಯೇ ರ‍್ಯಾಂಪು. ಹೊರದೇಶದವರು ರ‍್ಯಾಂಪನ್ನು ಪಿವಿಸಿ ಪೈಪಿನಲ್ಲಿ ಮಾಡುತ್ತಾರೆ. ನಮ್ಮಲ್ಲಿ ಅಡಿಕೆ ಮರ ಸೀಳಿದ ದಬ್ಬೆಗೆ ಬರವೆ? ದೊಡ್ಡಪ್ಪನ ಮನೆಯ ಅಟ್ಟ ಬಿಚ್ಚಿದಾಗ ಉಳಿದ ದಬ್ಬೆ ಕೊಟ್ಟಿಗೆಯ ಪಕ್ಕ ರಾಶಿ ಬಿದ್ದಿತ್ತು. ಕೇಳಿದ್ದಕ್ಕೆ, "ತಗ, ಅಡ್ಡಿಲ್ಲೆ. ದನ ಬಪ್ಪ ಹೊತ್ತಿಗೆ ಮಾತ್ರ ಹಾರ್ಸಡ" (ಹಾರಿಸಬೇಡ) ಅಂದರು. ಬೇಣವೂ ಅವರದೇ. ಚೆನ್ನಾಗಿ ಒಣಗಿದ, ನೆಟ್ಟಗಿನ ಎರಡು ದಬ್ಬೆ ಆರಿಸಿ ಆರಡಿಗೆ ಕತ್ತರಿಸಿದೆ. ನಾರಿರುವ ಒಳಮೈ ಕೆಳಗೆ, ಗಟ್ಟಿ ಹೊರಮೈ ಮೇಲೆ ಬರಬೇಕು. ಹೊರಮೈಯನ್ನು ಮೊದಲು ಕತ್ತಿಯಿಂದ ಹೆರೆದು, ಆಮೇಲೆ ಮರಳುಕಾಗದ ಹಾಕಿ ಉಜ್ಜಿ, ಕೊನೆಗೆ ಮೇಣ ತಿಕ್ಕಿದೆ. ಅಂಚಿನ ಸಿಬಿರು ಫೋಮಿಗೆ ಚುಚ್ಚದ ಹಾಗೆ ಬಟ್ಟೆಯ ಟೇಪು ಸುತ್ತಿದೆ. ಹಾಕ್‌ನ ರೆಕ್ಕೆ ಮೈಯ ಕೆಳಭಾಗದಲ್ಲೇ ಇರುವುದರಿಂದ ಎರಡು ದಬ್ಬೆಯ ನಡುವೆ ಹೊಟ್ಟೆ ಇಳಿದು, ರೆಕ್ಕೆ ಎರಡೂ ಬದಿ ಅನಾಯಾಸವಾಗಿ ಕೂರುತ್ತದೆ. ಮುಂದಿನ ತುದಿ ಮೊಣಕಾಲೆತ್ತರಕ್ಕಿಂತ ಸ್ವಲ್ಪ ಕೆಳಗೆ, ಹಿಂದಿನದು ನೆಲಕ್ಕೆ.

ಎಳೆಯುವುದಕ್ಕೆ ಎಂಟು ಮೀಟರ್ ಲ್ಯಾಟೆಕ್ಸ್ ಟ್ಯೂಬು, ಅದಕ್ಕೆ ಗಂಟು ಹಾಕಿದ ಇಪ್ಪತ್ತು ಮೀಟರ್ ನೈಲಾನ್ ಹುರಿ. ಹುರಿ ಕುಮಟಾದಲ್ಲಿ ಮೀನುಬಲೆಯ ಸಾಮಾನು ಮಾರುವ ಅಂಗಡಿಯದು. ಟ್ಯೂಬಿನ ತುದಿ ಗಾಳಿ ಬರುವ ದಿಕ್ಕಿನಲ್ಲಿ ನೆಟ್ಟ ಗೂಟಕ್ಕೆ, ಹುರಿಯ ತುದಿಯ ಉಂಗುರ ಜೆಟ್ಟಿನ ಹೊಟ್ಟೆಯ ಕೊಕ್ಕೆಗೆ. ಕೊಕ್ಕೆಯನ್ನು ಪ್ಲೈವುಡ್ ತುಂಡಿಗೆ ಬಿಗಿದು ಎಪಾಕ್ಸಿ ಹಾಕಿ ಫೋಮಿನಲ್ಲಿ ಹುದುಗಿಸಿ. ಅದು ವಿಮಾನದ ತೂಕದ ಕೇಂದ್ರಕ್ಕಿಂತ ಮುಂದೆಯೇ ಇರಬೇಕು, ಹಿಂದೆ ಬಂದರೆ ರ‍್ಯಾಂಪು ಬಿಟ್ಟ ಕೂಡಲೇ ಮೂತಿ ಆಕಾಶಕ್ಕೆ ಎದ್ದು ಮಗುಚುತ್ತದೆ. ಎಳೆತ ಎಷ್ಟಿರಬೇಕು ಎಂಬುದಕ್ಕೆ ಕೊಕ್ಕೆ ಇರುವ ತೂಕದ ಕಾಟಾ ಸಿಕ್ಕಿಸಿ ಹಿಂದೆ ನಡೆಯುತ್ತೇನೆ. ವಿಮಾನದ ತೂಕದ ನಾಲ್ಕು ಪಟ್ಟಿನ ಆಸುಪಾಸು ತೋರಿಸಿದಲ್ಲಿ ನಿಲ್ಲುತ್ತೇನೆ.

ಎಳೆದ ರಬ್ಬರಿಗೆ ವಿಮಾನ ಹೊರಟುಬಿಡದ ಹಾಗೆ ಒಂದು ತಡೆಮೊಳೆ ಹಿಡಿದಿರುತ್ತದೆ. ಕಾಲಿನ ಪೆಡಲ್ ಮೆಟ್ಟಿದರೆ ಅದು ಜಾರುತ್ತದೆ. ದಬ್ಬೆಯ ಮೇಲೆ ಸರ್ರನೆ ಒಂದು ಸದ್ದು, ಮರುಗಳಿಗೆಯಲ್ಲಿ ಜೆಟ್ ಎದೆಮಟ್ಟದಲ್ಲಿ ನೇರ ಓಡುತ್ತಿರುತ್ತದೆ. ಆಗ ಥ್ರಾಟಲ್ ಏರಿಸಬೇಕು. ಗೂಟ ದಾಟುವಾಗ ಉಂಗುರ ತಾನಾಗಿ ಕಳಚಿ ಬೀಳುತ್ತದೆ, ಅಷ್ಟರಲ್ಲಿ ಫ್ಯಾನ್ ಪೂರ್ತಿ ತಿರುಗಿ ಬಾಲ ಹಿಡಿತಕ್ಕೆ ಬಂದಿರುತ್ತದೆ. ಎರಡೂ ಕೈ ರಿಮೋಟಿನ ಮೇಲೆ, ಎಸೆಯುವುದಕ್ಕೆ ಇನ್ನೊಬ್ಬರು ಬೇಡ. ದಬ್ಬೆ ಬಂದ ಮೇಲೆ ಈ ಜೆಟ್ಟಿನ ಬಗ್ಗೆ ನನ್ನ ಅಭಿಪ್ರಾಯವೇ ಬೇರೆಯಾಯಿತು. ಅದಕ್ಕೂ ಮುಂಚೆ ಬರೆದಿದ್ದರೆ ಐದರಲ್ಲಿ ಎರಡು ಕೊಡುತ್ತಿದ್ದೆ.

ಮೇಲೆ ಹೋದ ಮೇಲೆ ಇದು ಎಷ್ಟು ಸೊಗಸಾದ ವಿಮಾನ! ತಿರುವಿನಲ್ಲಿ ರೆಕ್ಕೆ ವಾಲಿಸಿ ಸ್ವಲ್ಪ ಎಲಿವೇಟರ್ (ಮೂತಿ ಏರಿಸಿ ಇಳಿಸುವ ಬಾಲದ ಪಟ್ಟಿ) ಎಳೆದರೆ ಗೆರೆ ಎಳೆದ ಹಾಗೆ ಸುತ್ತುತ್ತದೆ. ಹನ್ನೆರಡು ಎಲೆಯ ಫ್ಯಾನಾದ್ದರಿಂದ ಕೀರಲು ದನಿ ಇಲ್ಲ. ತಲೆಯ ಮೇಲಿಂದ ಹಾದು ಹೋದ ಮೇಲೆ ಹಿಂದಿನಿಂದ ಸುಯ್ ಎಂಬ ಉಸಿರು ಮಾತ್ರ ಕೇಳುತ್ತದೆ. ಆ ಸದ್ದಿಗೋಸ್ಕರವೇ ತಗ್ಗಿನಲ್ಲಿ ಇನ್ನೊಂದು ಸುತ್ತು ತರಬೇಕು ಅನಿಸುತ್ತದೆ. ಆದರೆ ಹೊತ್ತು ಬಹಳ ಕಡಿಮೆ. ಪೂರ್ತಿ ಥ್ರಾಟಲ್ ಕೊಟ್ಟರೆ 45 ಆಂಪಿಯರ್ ಆಸುಪಾಸು ಎಳೆಯುತ್ತದೆ, 2200 ಎಂಎಎಚ್ ಬ್ಯಾಟರಿ ಆ ಲೆಕ್ಕದಲ್ಲಿ ಮೂರು ನಿಮಿಷಕ್ಕೇ ಖಾಲಿ. ಅರ್ಧ ಥ್ರಾಟಲ್‌ನಲ್ಲಿ ಸುತ್ತಿಸಿ, ಆಗಾಗ ಮಾತ್ರ ಪೂರ್ತಿ ಕೊಟ್ಟು, ಮೂರು ನಿಮಿಷಕ್ಕೆ ರಿಮೋಟಿನಲ್ಲಿ ಟೈಮರ್ ಇಟ್ಟಿದ್ದೇನೆ. ಅದು ಕೂಗಿದಾಗ ಬ್ಯಾಟರಿಯಲ್ಲಿ ಇನ್ನೂ ಕಾಲು ಭಾಗ ಉಳಿದಿರುತ್ತದೆ, ಇಳಿಸಲು ಅವಸರ ಬೀಳಬೇಕಿಲ್ಲ. ಇಳಿಸುವಾಗ ಹುಲ್ಲು ತಾಗುವ ಮೊದಲೇ ಥ್ರಾಟಲ್ ಸೊನ್ನೆ. ಇಲ್ಲದಿದ್ದರೆ ಹೊಟ್ಟೆಯ ಕಿಂಡಿ ಹುಲ್ಲನ್ನೂ ಎಳೆದುಕೊಳ್ಳುತ್ತದೆ.

ಮೂರು ನಿಮಿಷಕ್ಕೆ ಇಷ್ಟೆಲ್ಲ ತಯಾರಿಯೆ ಎಂದು ಕೇಳುವವರಿದ್ದಾರೆ. ನನಗೆ ಆ ತಯಾರಿಯೇ ಅರ್ಧ ಖುಷಿ. ಹಿಂದಿನ ಸಂಜೆ ಜಗಲಿಯ ಕಲ್ಲಿನ ಮೇಲೆ ಬ್ಯಾಟರಿ ಇಟ್ಟು, 2.2 ಆಂಪಿಯರ್‌ನಲ್ಲಿ ಬ್ಯಾಲೆನ್ಸ್ ಚಾರ್ಜ್ ಹಾಕಿ ಪಕ್ಕದಲ್ಲೇ ಕೂರುತ್ತೇನೆ. ಒಂದೊಂದೇ ಸೆಲ್ 4.2 ವೋಲ್ಟ್ ಮುಟ್ಟುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಲಿಪೊ ಚಾರ್ಜಿಗೆ ಹಾಕಿ ಮಲಗುವ ಕೆಲಸ ಮಾತ್ರ ಯಾರೂ ಮಾಡಬೇಡಿ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಬೇಣಕ್ಕೆ ಹೊರಡುವುದು. ಬ್ಯಾಟರಿ ಕೂರಿಸಿ, ರೆಕ್ಕೆಯಡಿಯ ಗುರುತಿಗೆ ಎರಡು ಬೆರಳು ಕೊಟ್ಟು ಎತ್ತಿದರೆ ಮೂತಿ ತುಸು ತಗ್ಗಬೇಕು. ಬಾಲ ತಗ್ಗಿದರೆ ಬ್ಯಾಟರಿ ಮುಂದೆ ಸರಿಸಬೇಕು. ಸರಿಯಾದ ಜಾಗಕ್ಕೆ ಒಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಪಟ್ಟಿ ಏಳಬೇಕು, ಹಿಂದಕ್ಕೆ ಎಳೆದರೆ ಎಲಿವೇಟರ್ ಏಳಬೇಕು. ವಿಮಾನವನ್ನು ಗಟ್ಟಿ ಹಿಡಿದು, ಫ್ಯಾನ್ ತುಸು ತಿರುಗಿಸಿ, ರಿಮೋಟ್ ಆರಿಸಿದರೆ ಫ್ಯಾನ್ ನಿಲ್ಲಲೇಬೇಕು. ಇಷ್ಟು ನೋಡದೆ ನಾನು ಉಂಗುರ ಸಿಕ್ಕಿಸುವುದಿಲ್ಲ.

ಕರಾವಳಿಯ ಕತೆ ಬೇರೆ. ಅಕ್ಕನ ಮನೆ ಕುಮಟಾದಲ್ಲಿ, ಹಬ್ಬಕ್ಕೆ ಹೋದಾಗ ಜೆಟ್ಟೂ ಜೊತೆಗಿರುತ್ತದೆ. ಅಘನಾಶಿನಿ ಹೊಳೆಯ ಗಜನಿ ಬಯಲು (ಉಪ್ಪುನೀರು ಹತ್ತುವ ಗದ್ದೆ) ನೋಡಿದರೆ ಹಾರಿಸುವ ಆಸೆಯಾಗುತ್ತದೆ, ಆದರೆ ಕಗ್ಗ ಭತ್ತ ಕೊಯ್ದ ಮೇಲೆ ಅಲ್ಲಿ ಉಪ್ಪುನೀರು ಬಿಡುತ್ತಾರೆ. ಕೆಂಪುಕಲ್ಲಿನ ಹಾಸಿನ ಮೇಲೆ ಇಳಿಸಿದರೆ ಹೊಟ್ಟೆಯ ಫೋಮ್ ಹೆರೆದು ಹೋಗುತ್ತದೆ. ಉಳಿದದ್ದು ಸಮುದ್ರದ ಇಳಿತದ ಹೊತ್ತಿನ ಗಟ್ಟಿ ಮರಳು, ಅದೂ ಬೆಳಗ್ಗೆ, ಜನ ಬರುವ ಮತ್ತು ಕಡಲಗಾಳಿ ಏಳುವ ಮೊದಲು. ಇಳಿಯುವಾಗ ಕಿಂಡಿಯಿಂದ ಮರಳು ಒಳಗೆ ಹೋಗುತ್ತದೆ. ಸೊಳ್ಳೆಪರದೆಯ ತುಂಡು ಅಂಟಿಸಿ ನೋಡಿದೆ, ಮರಳು ಕಡಿಮೆಯಾಯಿತು, ಜೊತೆಗೆ ಬಲವೂ. ಉಪ್ಪಿನ ಕಾಟ ಇನ್ನೂ ಹೆಚ್ಚು. ಘಟ್ಟದ ಮೇಲೆ ಏನೂ ಆಗದ ಮೋಟರ್ ಬೇರಿಂಗು ಸಮುದ್ರದ ಬದಿ ಹಾರಿಸಲು ಶುರುಮಾಡಿದ ಮೇಲೆ ಕರಕರ ಅನ್ನತೊಡಗಿತು, ಬ್ಯಾಟರಿ ಕನೆಕ್ಟರಿಗೆ ಹಸಿರು ಕಿಲುಬು ಬಂತು. ಈಗ ಮನೆಗೆ ಬಂದ ಕೂಡಲೇ ಒಣ ಬ್ರಷ್‌ನಿಂದ ಫ್ಯಾನಿನ ಮರಳು ಉದುರಿಸಿ, ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇರಿಂಗಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಡುತ್ತೇನೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಹತ್ತಿರ ನಿಲ್ಲಿಸಿರುವ ನೌಕಾಪಡೆಯ ಹಳೆಯ ಟಿಯು-142 ವಿಮಾನ ನೋಡಿಬಂದ ಅಕ್ಕನ ಮಗ, "ಮಾವ, ಅಲ್ಲೇ ಹಾರ್ಸನ" ಎಂದು ಹಟ ಹಿಡಿದಿದ್ದ. ಆಗುವುದಿಲ್ಲ. ಕಾರವಾರದ ಹತ್ತಿರವೇ ಸೀಬರ್ಡ್ ನೌಕಾನೆಲೆ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ ನಕ್ಷೆಯಲ್ಲಿ ಕೆಂಪು ವಲಯ ಎಂದು ಗುರುತಿಸಿದ ಕಡೆ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಕೈಗಾ ಸುತ್ತಮುತ್ತಲಿನವರೂ, ಅಂಕೋಲೆಯವರೂ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಯೇ ಜಾಗ ಆರಿಸಿಕೊಳ್ಳಿ.

ಇನ್ನು ಬಿಡಿಭಾಗ. ಬೇರಿಂಗ್ ಸದ್ದು ಮಾಡಿದಾಗ ಇಡೀ ಫ್ಯಾನ್ ಸೆಟ್ಟೇ ಬದಲಿಸೋಣವೆಂದು ಮಾರಿದವರಿಗೆ ಫೋನ್ ಮಾಡಿದರೆ ಸ್ಟಾಕ್ ಇಲ್ಲ ಎಂದರು. ಬರುವ ವಾರ, ಬರುವ ತಿಂಗಳು ಅನ್ನುತ್ತಲೇ ಚಳಿಗಾಲ ಕಳೆಯಿತು. ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಹೇಗೂ ಹಾರಿಸುವ ಹಾಗಿಲ್ಲ, ಹಾರಿಸಬಹುದಾದ ತಿಂಗಳುಗಳನ್ನು ಅವರ ಉದಾಸೀನ ತಿಂದರೆ ಹೊಟ್ಟೆ ಉರಿಯದೆ ಇರುತ್ತದೆಯೆ? ರೆಕ್ಕೆ, ಮೂತಿ ಬೇಕಾದಷ್ಟು ಸಿಗುತ್ತವೆ, ಅವನ್ನು ನಾವೇ ಕುದಿನೀರು, ಫೆವಿಕ್ವಿಕ್ ಹಾಕಿ ಸರಿಮಾಡಿಕೊಳ್ಳುತ್ತೇವೆ. ಮನೆಯಲ್ಲಿ ಮಾಡಿಕೊಳ್ಳಲಾಗದ ಫ್ಯಾನ್ ಮಾತ್ರ ಸಿಗುವುದಿಲ್ಲ.

ಮಳೆಗಾಲಕ್ಕೆ ಇಡುವಾಗ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿ ಇಡಿ, ತುಂಬಿ ಇಟ್ಟರೆ ಉಬ್ಬುತ್ತದೆ. ಲ್ಯಾಟೆಕ್ಸ್ ಟ್ಯೂಬಿಗೆ ಟಾಲ್ಕಮ್ ಪೌಡರ್ ಹಚ್ಚಿ ಡಬ್ಬಿಗೆ ಹಾಕಿ. ಫೋಮಿಗೆ ಬೂಷ್ಟು ಬಂದರೆ ಒರೆಸಿದರೆ ಹೋಗುತ್ತದೆ, ಗಾಬರಿ ಬೇಡ.

ರಿಮೋಟ್ ವಿಮಾನ ಇದೇ ಮೊದಲು ಎನ್ನುವವರು ಇದನ್ನು ಕೊಳ್ಳಬೇಡಿ, ಮೊದಲು ಪ್ರೊಪೆಲ್ಲರ್ ಇರುವ, ಮೇಲೆ ರೆಕ್ಕೆ ಇರುವ ತರಬೇತಿ ವಿಮಾನದಲ್ಲಿ ಕೈ ಪಳಗಲಿ. ಹಾರಿಸಲು ಬರುವವರು, ರ‍್ಯಾಂಪು ಕಟ್ಟಿಕೊಳ್ಳುವ ಉಮೇದು ಇರುವವರು ಧೈರ್ಯವಾಗಿ ಕೊಳ್ಳಿ, ನನ್ನ ಕಡೆಯಿಂದ ಐದರಲ್ಲಿ ನಾಲ್ಕು. ಕಡಿದ ಒಂದು ಅಂಕ ಪುಸ್ತಿಕೆಯ ಆ ಸಾಲಿಗೂ ಸಿಗದ ಫ್ಯಾನಿಗೂ ಸೇರಿ. ಎರಡನೇ ಬ್ಯಾಟರಿಗೆ ಎಂದು ಎತ್ತಿಟ್ಟ ದುಡ್ಡಿದ್ದರೆ ವಿಮಾನದ ಜೊತೆಗೇ ಒಂದು ಫ್ಯಾನ್ ಸೆಟ್ ತರಿಸಿಟ್ಟುಕೊಳ್ಳಿ, ಬ್ಯಾಟರಿ ಆಮೇಲೂ ಸಿಗುತ್ತದೆ.