ಪೈಕೆವಿಎಂ: ಬಯೋಸ್ ಪರದೆಗೂ ಕೀ ಒತ್ತುವ ಪೆಟ್ಟಿಗೆ

ದೂರದಲ್ಲಿರುವ ಲಿನಕ್ಸ್ ಮಷೀನಿಗೆ ರೀಬೂಟ್ ಕೊಟ್ಟಿರಿ. ಅದು ಡಿಸ್ಕ್ ಎನ್‌ಕ್ರಿಪ್ಷನ್ ಪಾಸ್‌ವರ್ಡ್ ಕೇಳುತ್ತ ನಿಂತಿತು. ಸಾಮಾನ್ಯವಾಗಿ ಆ ಹೊತ್ತಿಗೆ ದೂರದಿಂದ ಲಾಗಿನ್ ಆಗಲು ಬೇಕಾದ ಎಸ್‌ಎಸ್‌ಎಚ್ ಇನ್ನೂ ಎದ್ದಿರುವುದಿಲ್ಲ. ಪ್ರೋಗ್ರಾಮಿನಿಂದ ಕೀ ಒತ್ತಿಸುವ ಎಕ್ಸ್‌ಡೂಟೂಲ್ ಲಿನಕ್ಸಿನ ‘ಎಕ್ಸ್’ ಎಂಬ ಚಿತ್ರ ಪರದೆ ವ್ಯವಸ್ಥೆಗಷ್ಟೇ ಸೀಮಿತ. ಅಂಥದ್ದೇ ಇನ್ನೊಂದಾದ ವೈಡೂಟೂಲ್, ಕರ್ನಲ್ಲಿನ (ಒಎಸ್‌ನ ತಿರುಳಿನ) ಯುಇನ್‌ಪುಟ್ ಸೌಲಭ್ಯದ ಮೂಲಕ ಹೋಗುವುದರಿಂದ ಟೆಕ್ಸ್ಟ್ ಕನ್ಸೋಲಿನಲ್ಲೂ ಕೀ ಒತ್ತುತ್ತದೆ, ಆದರೆ ಅದಕ್ಕೂ ಒಎಸ್ ಎದ್ದಿರಬೇಕು. ವರ್ಚುವಲ್ ಮಷೀನಾದರೆ ಅದನ್ನು ನಿರ್ವಹಿಸುವ ವಿರ್ಶ್ ಉಪಕರಣದ ಸೆಂಡ್-ಕೀ ಆದೇಶ ಸಾಕು. ಸರ್ವರ್ ಬೋರ್ಡುಗಳಲ್ಲಿ ಐಪಿಎಂಐ (ದೂರದಿಂದ ನಿರ್ವಹಿಸಲು ಬೋರ್ಡಿನಲ್ಲೇ ಇರುವ ವ್ಯವಸ್ಥೆ) ಇದ್ದರೆ ಅದನ್ನೇ ಬಳಸಿ. ಇವೆರಡೂ ಇಲ್ಲದ ಸಾಮಾನ್ಯ ಡೆಸ್ಕ್‌ಟಾಪಿಗೆ ಪೈಕೆವಿಎಂ ಒಳ್ಳೆಯ ದಾರಿ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನು ಯುಎಸ್‌ಬಿ ಕೀಬೋರ್ಡಾಗಿ ತೋರಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಇದು. ಸಿದ್ಧ ಪೆಟ್ಟಿಗೆಯೂ ಸಿಗುತ್ತದೆ. ಇಲ್ಲಿ ಹೇಳುತ್ತಿರುವುದು ನಾವೇ ಜೋಡಿಸಿಕೊಳ್ಳುವ ಪೈ 4 ಆವೃತ್ತಿಯ ಬಗ್ಗೆ.

ಬೇಕಾದದ್ದು ಪೈ 4, ಮೆಮೊರಿ ಕಾರ್ಡ್, 5 ವೋಲ್ಟ್ 3 ಆಂಪಿಯರ್ ಅಡಾಪ್ಟರ್, ಎಚ್‌ಡಿಎಂಐ ಚಿತ್ರ ಹಿಡಿಯುವ ಬೋರ್ಡ್ ಮತ್ತು ಒಂದು ಯುಎಸ್‌ಬಿ-ಸಿ ವೈ ಕೇಬಲ್. ಹೆಚ್ಚು ಜನ ಎಡವುವುದು ಈ ಕೇಬಲ್ಲಿನಲ್ಲೇ. ಪೈ 4ರ ನಾಲ್ಕು ದೊಡ್ಡ ಯುಎಸ್‌ಬಿ ಪೋರ್ಟುಗಳು ಕೀಬೋರ್ಡಾಗಿ ನಟಿಸಲಾರವು. ಆ ಕೆಲಸ ಮಾಡುವುದು ಪವರ್ ಕೊಡುವ ಸಿ ಪೋರ್ಟ್ ಮಾತ್ರ. ಹಾಗಾಗಿ ಒಂದು ಕವಲಿನಲ್ಲಿ ಅಡಾಪ್ಟರಿನ ಕರೆಂಟ್, ಇನ್ನೊಂದರಲ್ಲಿ ಕಂಪ್ಯೂಟರಿಗೆ ಡೇಟಾ ಹೋಗಬೇಕು. ಡೇಟಾ ಕವಲಿನಲ್ಲಿ 5 ವೋಲ್ಟ್ ತಂತಿ ಇರಕೂಡದು. ಇದ್ದರೆ ಆಫ್ ಮಾಡಿದ ಕಂಪ್ಯೂಟರಿಗೂ ಪೈ ಕಡೆಯಿಂದ ಕರೆಂಟ್ ನುಗ್ಗುತ್ತದೆ. ಸಿಕ್ಕಿಸುವ ಮುನ್ನ ಮಲ್ಟಿಮೀಟರ್ ಇಟ್ಟು ನೋಡುವಷ್ಟು ಮುಖ್ಯವಾದ ವಿಷಯವಿದು.

ಚಿತ್ರಕ್ಕೆ ಟಿಸಿ358743 ಚಿಪ್ಪಿರುವ, ಕ್ಯಾಮೆರಾ ರಿಬ್ಬನ್ನಿಗೆ ಸಿಕ್ಕಿಸುವ ಬೋರ್ಡನ್ನೇ ತೆಗೆದುಕೊಳ್ಳಿ. ಅಗ್ಗದ ಯುಎಸ್‌ಬಿ ಡಾಂಗಲ್ ಕೂಡ ನಡೆಯುತ್ತದೆ, ಆದರೆ ಚಿತ್ರ ಇನ್ನಷ್ಟು ತಡವಾಗಿ ಬರುತ್ತದೆ. ಈ ಬೋರ್ಡಿನ ಮಿತಿ 1920×1080, ಅದೂ 50 ಹರ್ಟ್ಸ್. ಕಂಪ್ಯೂಟರ್ 60 ಹರ್ಟ್ಸ್ ಕಳಿಸಿದರೆ ಪರದೆ ಖಾಲಿ. 1280×720ಕ್ಕೆ ಇಳಿಸಿದರೆ 60ರಲ್ಲೂ ಬರುತ್ತದೆ.

ಇನ್ನು ಕೀಗಳ ವಿಷಯ. ಕೀಬೋರ್ಡ್ ಅಕ್ಷರ ಕಳಿಸುವುದಿಲ್ಲ, ಕೀಯ ಸಂಖ್ಯೆ ಕಳಿಸುತ್ತದೆ. ಒಂದೊಂದು ವರದಿಯಲ್ಲಿ 8 ಬೈಟ್: ಮೊದಲನೆಯದು ಶಿಫ್ಟ್, ಕಂಟ್ರೋಲ್‌ನಂಥವುಗಳಿಗೆ, ಎರಡನೆಯದು ಖಾಲಿ, ಉಳಿದ 6 ಒತ್ತಿದ ಕೀಗಳಿಗೆ. ‘ಎ’ (A) ಕೀಗೆ 4, ಎಂಟರ್‌ಗೆ 40. ಕೀ ಬಿಟ್ಟಿತು ಎನ್ನಲು ಎಂಟೂ ಬೈಟ್ ಸೊನ್ನೆ. ‘@’ ಬೇಕೆಂದರೆ ಶಿಫ್ಟ್ ಜೊತೆ 31 ಹೋಗುತ್ತದೆ, ಅಂದರೆ ‘2’ರ ಕೀ. ಆ ಕಡೆಯ ಕಂಪ್ಯೂಟರ್ ಬ್ರಿಟಿಷ್ ಲೇಔಟಿನಲ್ಲಿದ್ದರೆ ಅದೇ ಒತ್ತಿಗೆ ‘"’ ಬೀಳುತ್ತದೆ. ಪಾಸ್‌ವರ್ಡ್ ಸರಿಯಿದ್ದೂ ತಪ್ಪು ಎನ್ನುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ, ಆಮೇಲೆ ಕ್ಯಾಪ್ಸ್ ಲಾಕನ್ನು. ಪೈಕೆವಿಎಂನ ವೆಬ್ ಪುಟದ ಟೆಕ್ಸ್ಟ್ ಮೆನುವಿನಲ್ಲಿ ಕೀಮ್ಯಾಪ್, ಅಂದರೆ ಲೇಔಟ್, ಆರಿಸಿಕೊಳ್ಳಬಹುದು. ಆದರೆ ಒಎಸ್ ಎಬ್ಬಿಸುವ ಗ್ರಬ್‌ನಲ್ಲಿ ಒಂದು ಲೇಔಟ್, ಒಎಸ್ ಎದ್ದ ಮೇಲೆ ಇನ್ನೊಂದು ಇರಬಹುದು. ಹೆಸರು ಕೇಳುವ ಜಾಗದಲ್ಲಿ ‘@’ ಹೊಡೆದು ಕಣ್ಣಾರೆ ನೋಡಿಕೊಂಡು ಮುಂದುವರಿಯಿರಿ.

ಕನ್ನಡ ಪಠ್ಯವನ್ನು ಪೇಸ್ಟ್ ಮಾಡಿದರೆ ಆ ಕಡೆ ಏನೂ ಮೂಡುವುದಿಲ್ಲ. ‘ಕ’ಗೆ ಕೀ ಸಂಖ್ಯೆಯೇ ಇಲ್ಲವಲ್ಲ. ದೂರದ ಮಷೀನಿನಲ್ಲೇ ಇನ್‌ಸ್ಕ್ರಿಪ್ಟ್ ಅಥವಾ ಕಗಪ ಲೇಔಟ್ ಹಾಕಿ, ಇಲ್ಲಿಂದ ‘ಕೆ’ (K) ಕೀ ಒತ್ತಿದರೆ ಅಲ್ಲಿ ‘ಕ’ ಬರುತ್ತದೆ. ಕೆಲಸ ಮುಗಿದ ಮೇಲೆ ಲೇಔಟನ್ನು ಇಂಗ್ಲಿಷಿಗೆ ತಿರುಗಿಸದಿದ್ದರೆ ಮುಂದಿನ ಲಾಗಿನ್ ಕೈಕೊಡುತ್ತದೆ.

ನೆಟ್ ನಿಧಾನವಿದ್ದಾಗ ಇನ್ನೊಂದು ತೊಂದರೆ: ‘ಎಸ್’ ಒತ್ತಿದ್ದು ತಲುಪಿ, ಬಿಟ್ಟದ್ದು ತಡವಾದರೆ ಪರದೆಯ ತುಂಬ ಅದೇ ಅಕ್ಷರ ಸಾಲುಗಟ್ಟುತ್ತದೆ. ಕೀ ಪುನರಾವರ್ತನೆ ಮಾಡುವುದು ದೂರದ ಕಂಪ್ಯೂಟರ್ ತಾನೇ. ಅಂಥ ಕಡೆ ಕೈಯಿಂದ ಟೈಪ್ ಮಾಡುವುದಕ್ಕಿಂತ ಟೆಕ್ಸ್ಟ್ ಪೇಸ್ಟ್ ವಾಸಿ, ಏಕೆಂದರೆ ಒತ್ತುವುದು, ಬಿಡುವುದು ಎರಡನ್ನೂ ಪೈ ಅಲ್ಲೇ ಮಾಡುತ್ತದೆ. ಕಂಟ್ರೋಲ್-ಆಲ್ಟ್-ಡಿಲೀಟ್ ಅನ್ನು ನಿಮ್ಮ ಕಂಪ್ಯೂಟರೇ ನುಂಗಿಕೊಳ್ಳುವುದರಿಂದ ಅದಕ್ಕೆ ಶಾರ್ಟ್‌ಕಟ್ ಮೆನು ಬಳಸಿ. ಸ್ಕ್ರಿಪ್ಟ್ ಬರೆಯುವವರಿಗೆ ಎಪಿಐ (ಪ್ರೋಗ್ರಾಮಿನಿಂದ ಆದೇಶ ಕೊಡುವ ದಾರಿ) ಇದೆ, ಕರ್ಲ್ ಎಂಬ ಟರ್ಮಿನಲ್ ಉಪಕರಣದ ಒಂದು ಸಾಲಿನಲ್ಲಿ ಇಡೀ ಪಠ್ಯ ಟೈಪ್ ಆಗುತ್ತದೆ.

ಕೆಲವು ಹಳೆಯ ಬಯೋಸ್‌ಗಳು (ಒಎಸ್‌ಗಿಂತ ಮೊದಲು ಏಳುವ ಸಾಫ್ಟ್‌ವೇರ್) ಈ ಕೀಬೋರ್ಡನ್ನು ಗುರುತಿಸುವುದಿಲ್ಲ. ಒಂದೇ ತಂತಿಯಲ್ಲಿ ಕೀಬೋರ್ಡ್, ಮೌಸ್, ಐಎಸ್‌ಒ ಕಡತದಿಂದ ಪೈ ತೋರಿಸುವ ನಕಲಿ ಡಿಸ್ಕ್ ಮೂರೂ ಕಂಡರೆ ಅವು ಗೊಂದಲಕ್ಕೆ ಬೀಳುತ್ತವೆ. ಸೆಟ್ಟಿಂಗ್ ಕಡತದಲ್ಲಿ ಡಿಸ್ಕ್ ಭಾಗವನ್ನು ನಿಲ್ಲಿಸಿ ಪೈ ರೀಬೂಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಮೆಮೊರಿ ಕಾರ್ಡ್ ಮಾಮೂಲಿಯಾಗಿ ರೀಡ್-ಓನ್ಲಿ (ಓದಬಹುದು, ಬರೆಯಲಾಗದು), ಹಾಗಾಗಿ ದಿನಕ್ಕೆ ಹತ್ತು ಸಲ ಕರೆಂಟ್ ಹೋದರೂ ಕೆಡುವ ಭಯ ಕಡಿಮೆ. ಇದು ನಮ್ಮೂರುಗಳಿಗೆ ಹೇಳಿ ಮಾಡಿಸಿದ ಗುಣ. ಬದಲಾವಣೆ ಮಾಡುವಾಗ ‘ಆರ್‌ಡಬ್ಲ್ಯೂ’ (rw), ಮುಗಿದ ಮೇಲೆ ‘ಆರ್‌ಒ’ (ro) ಆದೇಶ ಕೊಡಬೇಕು. ಮೊದಲ ಬದಲಾವಣೆ ಪಾಸ್‌ವರ್ಡೇ ಆಗಲಿ: ವೆಬ್ಬಿಗೆ ‘ಅಡ್ಮಿನ್’, ಎಸ್‌ಎಸ್‌ಎಚ್‌ಗೆ ‘ರೂಟ್’ ಎಂದು ಬರುತ್ತದೆ, ಎರಡನ್ನೂ ಬದಲಿಸಿ. ರೂಟರಿನಲ್ಲಿ ಪೋರ್ಟ್ ತೆರೆದು ಇದನ್ನು ನೇರವಾಗಿ ಇಂಟರ್ನೆಟ್ಟಿಗೆ ಒಡ್ಡಬೇಡಿ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಒಳಗಿಂದಲೇ ಬಳಸಿ. ಇದರ ಒಳಹೊಕ್ಕವರಿಗೆ ನಿಮ್ಮ ಕಂಪ್ಯೂಟರಿನ ಮುಂದೆಯೇ ಕುಳಿತಷ್ಟು ಹಿಡಿತ ಸಿಗುತ್ತದೆ.