ಎಂಡಿಎಂ ನೋಡಿಕೊಳ್ಳುವವರೇ, ನಿಮ್ಮ ಆಪಲ್ ಪುಶ್ ಸರ್ಟಿಫಿಕೇಟ್ ಯಾರ ಆಪಲ್ ಐಡಿಯಲ್ಲಿದೆ ಎಂದು ಇವತ್ತೇ ನೋಡಿ

ಕಂಪನಿಯ ಐಪ್ಯಾಡ್, ಐಫೋನ್‌ಗಳನ್ನು ಎಂಡಿಎಂಗೆ (ಸಾಧನಗಳನ್ನು ದೂರದಿಂದಲೇ ನಿರ್ವಹಿಸುವ ವ್ಯವಸ್ಥೆ) ಸೇರಿಸಿ ಬಿಗಿ ಮಾಡಿಟ್ಟಿರುವ ಐಟಿ ತಂಡಗಳಿಗೆ ಈ ಎಚ್ಚರಿಕೆ. ಫೀಲ್ಡ್ ಸಿಬ್ಬಂದಿಗೆ ನೂರಾರು ಐಪ್ಯಾಡ್ ಕೊಟ್ಟಿದ್ದ ಒಂದು ಸಂಸ್ಥೆಯಲ್ಲಿ ಅಷ್ಟೂ ಸಾಧನಗಳ ಹಿಡಿತ ಒಂದೇ ದಿನ ಕೈತಪ್ಪಿತು. ವೈರಸ್ ಇರಲಿಲ್ಲ, ಯಾರೂ ಹ್ಯಾಕ್ ಮಾಡಿರಲಿಲ್ಲ. ಮೊದಲ ಸಲ ಎಂಡಿಎಂ ಜೋಡಿಸಿದ ಅಡ್ಮಿನ್ ಪುಶ್ ಸರ್ಟಿಫಿಕೇಟನ್ನು (ಎಂಡಿಎಂ ಸಾಧನಗಳನ್ನು ಸಂಪರ್ಕಿಸಲು ಆಪಲ್ ಕೊಡುವ ಪ್ರಮಾಣಪತ್ರ) ತಮ್ಮ ಸ್ವಂತ ಆಪಲ್ ಐಡಿಯಲ್ಲಿ (ಈಗಿನ ಹೆಸರು ಆಪಲ್ ಅಕೌಂಟ್) ಮಾಡಿಸಿದ್ದರು. ಆಮೇಲೆ ಕೆಲಸ ಬಿಟ್ಟರು. ಅವಧಿ ಮುಗಿಯುತ್ತಿದೆ ಎಂದು ಆಪಲ್ ಕಳಿಸಿದ ಇಮೇಲ್‌ಗಳೆಲ್ಲ ಅವರ ಸ್ವಂತ ಮೇಲ್‌ಗೇ ಹೋದವು, ಕಂಪನಿಗೆ ಒಂದೂ ಬರಲಿಲ್ಲ.

ಎಂಡಿಎಂ ಸರ್ವರ್ ಏನಾದರೂ ಆದೇಶ ಕೊಡಬೇಕಾದರೆ ಮೊದಲು ಆಪಲ್‌ನ ಪುಶ್ ಸೇವೆಯ ಮೂಲಕ ಸಾಧನವನ್ನು ಎಬ್ಬಿಸಬೇಕು. ಎದ್ದ ಸಾಧನ ತಾನೇ ಸರ್ವರ್‌ಗೆ ಬಂದು ಆದೇಶ ಪಡೆಯುತ್ತದೆ. ಹಾಗೆ ಎಬ್ಬಿಸುವ ಅಧಿಕಾರ ಇರುವುದು ಪುಶ್ ಸರ್ಟಿಫಿಕೇಟ್‌ಗೆ, ಅದರ ಆಯುಸ್ಸು ಒಂದು ವರ್ಷ. ಅವಧಿ ಮುಗಿದಾಗ ಐಪ್ಯಾಡ್‌ನಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ಹಳೆಯ ನಿರ್ಬಂಧಗಳು ಹಾಗೇ ಇರುತ್ತವೆ, ಆ್ಯಪ್‌ಗಳೂ ಓಡುತ್ತವೆ. ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ. ಯಾರೋ ಐಪ್ಯಾಡ್ ಕಳೆದುಕೊಂಡಾಗ ಲಾಕ್ ಆದೇಶ ‘ಪೆಂಡಿಂಗ್’ ಎಂದೇ ಉಳಿಯುತ್ತದೆ. ಪಾಸ್‌ಕೋಡ್ ಮರೆತವರಿಗೆ ಅದನ್ನು ತೆಗೆದುಕೊಡಲು ಆಗುವುದಿಲ್ಲ. ಆಫೀಸಿನ ವೈಫೈ ಸರ್ಟಿಫಿಕೇಟ್ ಆಧಾರದ ಮೇಲೆ ನಡೆಯುತ್ತಿದ್ದರೆ ಕೆಲವು ತಿಂಗಳಲ್ಲಿ ಅದೂ ಕಡಿದುಹೋಗುತ್ತದೆ, ಅದನ್ನು ಹೊಸದು ಮಾಡಿಕೊಡಬೇಕಾದದ್ದೂ ಎಂಡಿಎಂ ತಾನೇ.

ಇಷ್ಟಕ್ಕೇ ನಿಂತಿದ್ದರೆ ಸರಿಪಡಿಸಬಹುದಿತ್ತು. ಅವಧಿ ಮುಗಿದ ಸರ್ಟಿಫಿಕೇಟನ್ನು ಅದೇ ಆಪಲ್ ಐಡಿಯಿಂದ ಬೇಗ ನವೀಕರಿಸಿದರೆ ಸಾಧನಗಳು ಮತ್ತೆ ಮಾತಿಗೆ ಬರುತ್ತವೆ. ಮೈಕ್ರೋಸಾಫ್ಟ್‌ನ ಎಂಡಿಎಂ ಆದ ಇಂಟ್ಯೂನ್ ಇದಕ್ಕೆ 30 ದಿನದ ಗಡುವು ಹೇಳುತ್ತದೆ. ನಿಜವಾದ ಅನಾಹುತ ನಡೆದದ್ದು ಆಮೇಲೆ. ಎಂಡಿಎಂ ಕನ್ಸೋಲ್‌ನಲ್ಲಿ (ಅಡ್ಮಿನ್ ನೋಡುವ ನಿರ್ವಹಣಾ ಪುಟ) ಕೆಂಪು ಎಚ್ಚರಿಕೆ ಕಂಡ ಹೊಸ ಇಂಜಿನಿಯರ್ ಹೊಸ ಆಪಲ್ ಐಡಿ ತೆರೆದು, ಹೊಸ ಸರ್ಟಿಫಿಕೇಟ್ ಮಾಡಿ ಅಪ್‌ಲೋಡ್ ಮಾಡಿದರು. ಕೆಂಪು ಹೋಗಿ ಹಸಿರು ಬಂತು. ಪರೀಕ್ಷೆಗೆಂದು ಹೊಸದಾಗಿ ಸೇರಿಸಿದ ಐಪ್ಯಾಡ್ ಸರಿಯಾಗಿ ಓಡಿತು. ಹಳೆಯವು ಮಾತ್ರ ಒಂದೂ ಉತ್ತರಿಸಲಿಲ್ಲ.

ಪ್ರತಿ ಪುಶ್ ಸರ್ಟಿಫಿಕೇಟ್‌ಗೂ ‘ಟಾಪಿಕ್’ ಎಂಬ ಗುರುತು ಇರುತ್ತದೆ. ಸಾಧನವನ್ನು ಎಂಡಿಎಂಗೆ ಸೇರಿಸುವಾಗಲೇ ಆ ಗುರುತು ಅದರ ಪ್ರೊಫೈಲ್‌ನಲ್ಲಿ (ಎಂಡಿಎಂ ಸಾಧನದೊಳಗೆ ಹಾಕುವ ಸೆಟ್ಟಿಂಗ್ ಫೈಲ್) ಕೂತುಬಿಡುತ್ತದೆ. ನವೀಕರಿಸಿದರೆ ಸರಣಿ ಸಂಖ್ಯೆ ಬದಲಾದರೂ ಟಾಪಿಕ್ ಅದೇ ಉಳಿಯುತ್ತದೆ. ಹೊಸದು ಮಾಡಿಸಿದರೆ ಟಾಪಿಕ್ಕೇ ಬೇರೆಯಾಗುತ್ತದೆ. ಆಗ ಹಳೆಯ ಸಾಧನಗಳನ್ನು ಎಬ್ಬಿಸುವ ದಾರಿಯೇ ಇಲ್ಲ. ಆಪಲ್‌ನ ಪುಶ್ ಸರ್ಟಿಫಿಕೇಟ್ ಪೋರ್ಟಲ್‌ನಲ್ಲಿ ‘ರಿನ್ಯೂ’ ಒತ್ತಬೇಕು. ‘ಕ್ರಿಯೇಟ್’ ಬೇಡ, ‘ರಿವೋಕ್’ ಅಂತೂ ಮುಟ್ಟಲೇಬೇಡಿ. ಒಂದೇ ಖಾತೆಯಲ್ಲಿ ಹಲವು ಸರ್ಟಿಫಿಕೇಟ್ ಇದ್ದರೆ, ಕನ್ಸೋಲ್‌ನಲ್ಲಿರುವ ಟಾಪಿಕ್ಕನ್ನೂ ಪೋರ್ಟಲ್‌ನಲ್ಲಿರುವ ಯುಐಡಿಯನ್ನೂ (ಅದೇ ಟಾಪಿಕ್‌ಗೆ ಅಲ್ಲಿರುವ ಹೆಸರು) ಅಕ್ಷರಕ್ಕೆ ಅಕ್ಷರ ಹೋಲಿಸಿದ ಮೇಲೆಯೇ ಮುಂದುವರಿಯಿರಿ.

ಈ ತಪ್ಪು ನಿಮ್ಮಲ್ಲಿ ಆಗಲೇ ನಡೆದಿದ್ದರೆ ತಕ್ಷಣ ಹೊಸ ಸಾಧನ ಸೇರಿಸುವುದನ್ನು ನಿಲ್ಲಿಸಿ. ಹಳೆಯ ಖಾತೆಯವರನ್ನು ಹುಡುಕಿ ಮೂಲ ಸರ್ಟಿಫಿಕೇಟ್ ನವೀಕರಿಸಿ ಹಾಕಿದರೆ ಹಳೆಯ ಐಪ್ಯಾಡ್‌ಗಳು ಮರಳುತ್ತವೆ, ಆದರೆ ನಡುವೆ ಸೇರಿಸಿದವು ತಪ್ಪಿಹೋಗುತ್ತವೆ. ಯಾವ ಗುಂಪು ದೊಡ್ಡದು ಎಂದು ಎಣಿಸಿ ನಿರ್ಧರಿಸಬೇಕಾಗುತ್ತದೆ.

ಆ ಸಂಸ್ಥೆಗೆ ಹಳೆಯ ಖಾತೆ ಸಿಗಲಿಲ್ಲ. ಉಳಿದದ್ದು ಎಲ್ಲವನ್ನೂ ಅಳಿಸಿ ಮತ್ತೆ ಸೇರಿಸುವ ದಾರಿ. ಪ್ರೊಫೈಲ್ ತೆಗೆಯಲು ಬಾರದಂತೆ ಬೀಗ ಹಾಕಿತ್ತು. ಸೆಟ್ಟಿಂಗ್ಸ್‌ನಿಂದ ಪೂರ್ತಿ ಅಳಿಸುವುದನ್ನೂ ತಡೆದಿಟ್ಟಿತ್ತು, ಆ ತಡೆಯನ್ನು ತೆಗೆಯಬೇಕಾದ ಎಂಡಿಎಂಗೆ ಈಗ ದನಿಯೇ ಇಲ್ಲ. ಹಾಗಾಗಿ ಒಂದೊಂದನ್ನೂ ತರಿಸಿ, ಕೇಬಲ್ ಹಾಕಿ, ರಿಕವರಿ ಮೋಡ್‌ನಿಂದ ರಿಸ್ಟೋರ್ ಮಾಡಬೇಕಾಯಿತು, ಅಂದರೆ ಕಂಪ್ಯೂಟರ್‌ನಿಂದ ಎಲ್ಲ ಅಳಿಸಿ ಸಾಫ್ಟ್‌ವೇರ್ ಹೊಸದಾಗಿ ಹಾಕಬೇಕಾಯಿತು. ಹೋಮ್ ಬಟನ್ ಇಲ್ಲದ ಐಪ್ಯಾಡ್‌ನಲ್ಲಿ ಮೇಲಿನ ಬಟನ್‌ಗೆ ಹತ್ತಿರದ ವಾಲ್ಯೂಮ್ ಬಟನ್ ಒತ್ತಿ ಬಿಡಿ, ಇನ್ನೊಂದನ್ನು ಒತ್ತಿ ಬಿಡಿ, ಬಳಿಕ ಮೇಲಿನ ಬಟನ್ನನ್ನು ರಿಕವರಿ ಪರದೆ ಬರುವವರೆಗೂ ಒತ್ತಿ ಹಿಡಿಯಿರಿ. ಸಾಫ್ಟ್‌ವೇರ್ ಫೈಲ್ ಕೆಲವು ಜಿಬಿ ಇರುತ್ತದೆ. ಡೌನ್‌ಲೋಡ್ 15 ನಿಮಿಷ ದಾಟಿದರೆ ಸಾಧನ ರಿಕವರಿ ಪರದೆಯಿಂದ ಹೊರಬರುತ್ತದೆ, ಮತ್ತೆ ಮೊದಲಿಂದ ಶುರು. ಮಾಡೆಲ್‌ಗೆ ತಕ್ಕ ಫೈಲನ್ನು ಮೊದಲೇ ಇಳಿಸಿಟ್ಟುಕೊಂಡರೆ ಎಷ್ಟೋ ಹೊತ್ತು ಉಳಿಯುತ್ತದೆ.

ಅದಕ್ಕೂ ಮುಂಚೆ ಒಂದು ಕೆಲಸ ಆಗಲೇಬೇಕು: ಎಂಡಿಎಂ ಕನ್ಸೋಲ್‌ನಲ್ಲಿರುವ ಆ್ಯಕ್ಟಿವೇಶನ್ ಲಾಕ್ (ಸಾಧನವನ್ನು ಒಬ್ಬರ ಆಪಲ್ ಐಡಿಗೆ ಕಟ್ಟಿಹಾಕುವ ಬೀಗ) ಬೈಪಾಸ್ ಕೋಡ್‌ಗಳನ್ನೆಲ್ಲ ಇಳಿಸಿಕೊಳ್ಳಿ. ‘ಸತ್ತ’ ಸಾಧನ ಎಂದು ಕನ್ಸೋಲ್‌ನಿಂದ ದಾಖಲೆ ಅಳಿಸಿದರೆ ಕೋಡೂ ಅದರ ಜೊತೆ ಹೋಗಬಹುದು. ಆಗ ರಿಸ್ಟೋರ್ ಮುಗಿದ ಮೇಲೆ ಐಪ್ಯಾಡ್ ಯಾರದೋ ಸ್ವಂತ ಆಪಲ್ ಐಡಿಯ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು. ಸಾಧನದೊಳಗೇ ಉಳಿಸಿದ್ದ ಫೋಟೊ, ಅರ್ಧಕ್ಕೆ ನಿಂತ ಫಾರಂಗಳನ್ನು ಅಳಿಸುವ ಮೊದಲು ಸಿಬ್ಬಂದಿಯನ್ನೇ ಕೇಳಿ ತೆಗೆಸಿಕೊಳ್ಳಿ.

ಒಂದೆರಡು ಸಾಧನ ಮಾತ್ರ ಉತ್ತರಿಸುತ್ತಿಲ್ಲವೆಂದರೆ ಕಾರಣ ಬೇರೆ ಇರಬಹುದು. ಫೈರ್‌ವಾಲ್‌ನಲ್ಲಿ ಟಿಸಿಪಿ 5223, ಅದು ಆಗದಿದ್ದರೆ 443, ಆಪಲ್‌ನ 17.0.0.0/8 ವಿಳಾಸಗಳಿಗೆ ತೆರೆದಿದೆಯೇ ನೋಡಿ. ಆ ಸಂಪರ್ಕವನ್ನು ಎಸ್‌ಎಸ್‌ಎಲ್ ತಪಾಸಣೆಗೆ (ಗೂಢಲಿಪಿಯ ಸಂಪರ್ಕವನ್ನು ನಡುವೆ ಬಿಚ್ಚಿ ನೋಡುವುದು) ಒಳಪಡಿಸಿದರೆ ಪುಶ್ ಕೆಲಸ ಮಾಡುವುದಿಲ್ಲ.

ಇನ್ನೂ ಅವಧಿ ಇರುವವರು ಖಾತೆಯನ್ನು ಈಗಲೇ ಸರಿಮಾಡಿಕೊಳ್ಳಿ. ಆಪಲ್ ಐಡಿಯ ಇಮೇಲ್ ಇಬ್ಬರು ಮೂವರು ಓದುವ ಕಂಪನಿಯ ಸಾಮಾನ್ಯ ಮೇಲ್‌ಬಾಕ್ಸ್ ಆಗಿರಲಿ. ಎರಡನೇ ಹಂತದ ಕೋಡ್ ಬರುವ ನಂಬರ್ ಕಂಪನಿಯ ಸಿಮ್ ಆಗಿರಲಿ, ಒಂದಕ್ಕಿಂತ ಹೆಚ್ಚು ನಂಬರ್ ಸೇರಿಸಬಹುದು. ಇದನ್ನು ಮರೆಯುವವರೇ ಜಾಸ್ತಿ: ಪಾಸ್‌ವರ್ಡ್ ಬರೆದಿಟ್ಟಿರುತ್ತಾರೆ, ಕೋಡ್ ಮಾತ್ರ ಬಿಟ್ಟುಹೋದವರ ಫೋನಿಗೆ ಹೋಗುತ್ತದೆ. ಸರ್ಟಿಫಿಕೇಟ್ ಒಬ್ಬರ ಸ್ವಂತ ಖಾತೆಯಲ್ಲಿದ್ದರೆ, ಕಂಪನಿಯ ಖಾತೆಗೆ ವರ್ಗಾಯಿಸಿಕೊಡಿ ಎಂದು ಆಪಲ್ ಸಪೋರ್ಟ್‌ಗೆ ಕೋರಿಕೆ ಕಳಿಸಿ. ಸರ್ಟಿಫಿಕೇಟಿನ ಸರಣಿ ಸಂಖ್ಯೆ ಮತ್ತು ಟಾಪಿಕ್ ಕೈಯಲ್ಲಿರಲಿ. ಆ ವ್ಯಕ್ತಿ ರಾಜೀನಾಮೆ ಕೊಟ್ಟಿದ್ದರೆ, ರಿಲೀವಿಂಗ್ ಲೆಟರ್ ಕೊಡುವ ಮುಂಚೆ ನಿಮ್ಮೆದುರೇ ಒಮ್ಮೆ ಲಾಗಿನ್ ಮಾಡಿಸಿ ನವೀಕರಿಸಿಕೊಳ್ಳಿ. ಅವಧಿ ಉಳಿದಿದ್ದರೂ ನವೀಕರಿಸಬಹುದು.

ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವಾಗ ಆಪಲ್ ಬಿಸಿನೆಸ್ ಮ್ಯಾನೇಜರ್‌ನ (ಕಂಪನಿಯ ಸಾಧನ, ಆ್ಯಪ್‌ಗಳಿಗಾಗಿ ಆಪಲ್ ಕೊಡುವ ಪೋರ್ಟಲ್) ಸಾಧನ ನೋಂದಣಿ ಟೋಕನ್ ಮತ್ತು ಆ್ಯಪ್ ಖರೀದಿಯ ಟೋಕನ್‌ಗಳನ್ನೂ ಸೇರಿಸಿ, ಅವುಗಳ ಅವಧಿಯೂ ಒಂದೊಂದು ವರ್ಷವೇ. ಆಪಲ್ ಹೊಸ ಷರತ್ತುಗಳನ್ನು ಹಾಕಿದಾಗ ಅಡ್ಮಿನಿಸ್ಟ್ರೇಟರ್ ಹುದ್ದೆಯವರು ಲಾಗಿನ್ ಆಗಿ ಒಪ್ಪುವವರೆಗೂ ಎಂಡಿಎಂ ಜೊತೆಗಿನ ಸಿಂಕ್ ನಿಂತಿರುತ್ತದೆ. ಅಲ್ಲಿ ಐವರವರೆಗೆ ಅಡ್ಮಿನಿಸ್ಟ್ರೇಟರ್‌ಗಳನ್ನು ಇಡಬಹುದು, ಒಬ್ಬರನ್ನೇ ಇಡಬೇಡಿ.